ಬಟ್ಟೆ ಒಳಗೋ ಹೊರಗೋ

ಬೆಳಗಿನ ವಾರ್ತೆ ಮುಗಿಯುವ ಹೊತ್ತಿಗೆ ಅಕ್ಕ ಹಿಂಡಿದ ಬಟ್ಟೆಯ ಬಕೆಟ್ಟನ್ನು ಬಾಲ್ಕನಿಯ ಬಾಗಿಲಲ್ಲಿಟ್ಟುಕೊಂಡು ಫೋನಿಗೆ ಕಾಯುತ್ತಿದ್ದಳು. ರೇಡಿಯೋದಲ್ಲಿ ಹವಾಮಾನ ಓದುವವಳು ಅವಳ ಒಡಹುಟ್ಟಿದ ತಂಗಿ. ಓದಿ ಮುಗಿಸಿ ಸ್ಟುಡಿಯೋದಿಂದ ಹೊರಗೆ ಬಂದವಳೇ ಅಕ್ಕನಿಗೆ ಫೋನು ಮಾಡುವಳು.

"ಅಕ್ಕಾ, ಇವತ್ತು ಒಳಗೆ."

ಇಲ್ಲವೇ, "ಇವತ್ತು ಹೊರಗೆ. ಮಂಚದ ಹಾಸಿಗೆನೂ ತಂದು ಹಾಕ್ಕೊ, ಏನೂ ಭಯ ಇಲ್ಲ."

ಕೇಳುವವರಿಗೆ ಅದು ಬಟ್ಟೆ ಒಣಗಿಸುವ ಮಾತು. ಆದರೆ ಅಕ್ಕನ ಮಗಳು ಗುಬ್ಬಿಯ ಉಸಿರು ಆ ಒಂದು ಮಾತಿನ ಮೇಲೆ ನಿಂತಿತ್ತು. ಬೀದಿಯ ಎರಡೂ ಬದಿಗೆ ಸಾಲು ಮರಗಳು. ಚಳಿ ಮುಗಿಯುತ್ತಿದ್ದಂತೆ ಅವುಗಳ ಕೊಂಬೆಗಳಿಂದ ಬೆಕ್ಕಿನ ಬಾಲದಂಥ ಹೂಗೊಂಚಲು ಜೋತುಬೀಳುತ್ತಿದ್ದವು. ಆ ಹೂವಿನ ಪರಾಗ ಸೋಕಿದ ಹೊದಿಕೆ ಹೊದ್ದು ಮಲಗಿದರೆ ಸಾಕು, ಗುಬ್ಬಿಯ ಎದೆ ಹಳೇ ಬಾಗಿಲಿನ ಹಾಗೆ ಕಿರುಗುಟ್ಟುತ್ತಿತ್ತು. ತಂಗಿಗೂ ಅದೇ ಉಬ್ಬಸ. "ಅಮ್ಮ ನಮಗೆ ಬಿಟ್ಟುಹೋದ ಆಸ್ತಿ, ಪಾಲು ಮಾತ್ರ ಸರಿಯಾಗಿ ಆಗಿಲ್ಲ. ನಿನ್ನನ್ನ ಬಿಟ್ಟು ನಿನ್ನ ಮಗಳಿಗೆ ಕೊಟ್ಟಿದ್ದಾಳೆ" ಎಂದು ತಂಗಿ ನಗುತ್ತಿದ್ದಳು.

ಅವಳೇ ಒಮ್ಮೆ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು, ಅಕ್ಕ ಹೆಚ್ಚುತ್ತಿದ್ದ ಕ್ಯಾರೆಟ್ಟನ್ನು ಒಂದೊಂದೇ ಕದ್ದು ತಿನ್ನುತ್ತಾ ಎಲ್ಲ ಬಿಡಿಸಿ ಹೇಳಿದ್ದಳು. "ನೋಡಕ್ಕಾ, ಮರ ಮಹಾ ಸೋಮಾರಿ. ತಂಪಿದ್ರೆ, ತೇವ ಇದ್ರೆ ಹೂವು ಬಾಯಿ ಬಿಡಲ್ಲ. ಬಿಸಿಲು ಬಿದ್ದು ಒಣಗಾಳಿ ಬೀಸ್ತೋ, ಇದ್ದಬದ್ದದ್ದೆಲ್ಲ ಕೊಡವಿಬಿಡತ್ತೆ."

"ಮಳೆ ಬಂದ್ರೆ ತೊಳ್ಕೊಂಡು ಹೋಗತ್ತಲ್ವಾ?"

"ನಿಧಾನಕ್ಕೆ ಸುರಿಯೋ ಮಳೆ ಆದ್ರೆ ಹೋಗತ್ತೆ. ಗುಡುಗು ಮಳೆ ಹಾಗಲ್ಲ. ಅದರ ಮುಂದೆ ನುಗ್ಗೋ ಗಾಳಿ ಮೇಲಿರೋ ಪರಾಗಾನೆಲ್ಲ ನೆಲಕ್ಕೆ ತಂದು ಬಡಿಯತ್ತೆ. ಒಂದೊಂದು ಕಣಾನೂ ನೀರು ಕುಡಿದು ಬಿರಿದು ಇನ್ನೂ ಸಣ್ಣ ಹುಡಿ ಆಗತ್ತೆ. ಆ ಹುಡಿ ಮೂಗಲ್ಲಿ ನಿಲ್ಲಲ್ಲ, ಸೀದಾ ಎದೆಗೆ."

ಅಕ್ಕ ಅದನ್ನು ಪೂರ್ತಿ ತಲೆಗೆ ಹಾಕಿಕೊಳ್ಳಲಿಲ್ಲ. ಹಾಕಿಕೊಳ್ಳುವ ಅಗತ್ಯವೇನಿತ್ತು? ತಂಗಿ ಇದ್ದಳಲ್ಲ.

ಬರುಬರುತ್ತಾ ಬೀದಿಯೂ ಅಕ್ಕನ ತಂತಿಯನ್ನು ನೋಡತೊಡಗಿತು. ಅವಳ ಬಾಲ್ಕನಿಯಲ್ಲಿ ಬಟ್ಟೆ ಹಾರಾಡಿದರೆ ಕೆಮ್ಮುವ ಮಕ್ಕಳೂ ಆಟಕ್ಕೆ ಹೊರಡುತ್ತಿದ್ದರು. ತಂತಿ ಖಾಲಿಯಿದ್ದರೆ ಸಾಲಾಗಿ ಕಿಟಕಿಗಳು ಮುಚ್ಚುತ್ತಿದ್ದವು. ಎದುರು ಮನೆಯ ಟೈಲರಮ್ಮನ ಮೊಮ್ಮಗನಿಗೂ ಉಬ್ಬಸ. ಹೊಲಿಗೆ ಯಂತ್ರದ ಮುಂದೆ ಕೂತೇ ಆಕೆ ಕೂಗುತ್ತಿದ್ದಳು: "ರೇಡಿಯೋದವರು ನೂರು ಹೇಳ್ಲಿ, ನಂಗೆ ನಿನ್ನ ಲಂಗೋಟಿ ಹಾರೋದು ಕಂಡ್ರೇನೇ ಸಮಾಧಾನ!"

"ನಮ್ಮನೇಲಿ ಲಂಗೋಟಿ ಯಾರೂ ಹಾಕಲ್ಲ ಟೈಲರಮ್ಮಾ!" ಎಂದು ಅಕ್ಕ ಮುಖ ಕೆಂಪಗೆ ಮಾಡಿಕೊಂಡು ಒಳಗೆ ಓಡುತ್ತಿದ್ದಳು.

ಒಂದು ದಿನ ರೇಡಿಯೋದವರೇ ಏರ್ಪಡಿಸಿದ್ದ ಮಕ್ಕಳ ಓಟವಿತ್ತು, ಊರಾಚೆಯ ಮೈದಾನದಲ್ಲಿ. ಗುಬ್ಬಿ ಓಡುವವಳಲ್ಲ. ಗೆದ್ದವರು ಎದೆಯಿಂದ ಹರಿಯುವ ರಿಬ್ಬನ್ನಿನ ಒಂದು ತುದಿ ಹಿಡಿಯುವ ಕೆಲಸವನ್ನು ಚಿಕ್ಕಮ್ಮನೇ ಕೊಡಿಸಿದ್ದಳು. ಅದಕ್ಕಾಗಿ ಮಗು ಹಳೇ ರಿಬ್ಬನ್ನೊಂದನ್ನು ಬಾಗಿಲ ಚಿಲಕಕ್ಕೆ ಕಟ್ಟಿ ವಾರದಿಂದ ಅಭ್ಯಾಸ ಮಾಡಿತ್ತು.

ಫೋನು ಬಂತು. "ಅಕ್ಕಾ, ಹೊರಗೆ."

ಅಕ್ಕ ಬಾಲ್ಕನಿಯಿಂದ ಕತ್ತು ಚಾಚಿ ನೋಡಿದಳು. ಮರದ ಹೂಬಾಲಗಳೆಲ್ಲ ತುಂಬಿಕೊಂಡು ತೂಗಾಡುತ್ತಿದ್ದವು. "ಗಾಳಿ ಬೆಚ್ಚಗಿದೆಯಲ್ಲೇ?"

"ಮಧ್ಯಾಹ್ನದ ಮೇಲೆ ಮಳೆ ಇದೆ, ತೊಳೆದುಬಿಡತ್ತೆ. ಹಾಕು ಅಕ್ಕ."

ಅಕ್ಕ ಬಟ್ಟೆ ಹಾಕಿದಳು. ಎದುರಿನ ಕಿಟಕಿ ತೆರೆಯಿತು, ಟೈಲರಮ್ಮನ ಮೊಮ್ಮಗ ಬೂಟಿನ ದಾರ ಕಟ್ಟಿಕೊಳ್ಳತೊಡಗಿದ.

ಮಧ್ಯಾಹ್ನ ಮೋಡ ಕವಿಯಿತು. ಮಳೆಗೆ ಮುಂಚೆ ಗಾಳಿ ಬಂತು, ಮೈದಾನದ ಅಂಚಿನ ಮರಗಳನ್ನೆಲ್ಲ ಹಿಡಿದು ಜಾಡಿಸಿತು. ಗುಡುಗಿತು. ಗುಬ್ಬಿ ರಿಬ್ಬನ್ನಿನ ತುದಿ ಬಿಡಲೇ ಇಲ್ಲ. ಅದನ್ನು ಹಿಡಿದುಕೊಂಡೇ ಮಂಡಿಯೂರಿದಳು. ಕೊರಳ ಕೆಳಗಿನ ಕುಳಿ ಒಳಕ್ಕೆ ಸೇದಿಕೊಳ್ಳುತ್ತಿತ್ತು, ತುಟಿ ಬಣ್ಣಗೆಡುತ್ತಿತ್ತು. ಉಬ್ಬಸದ ಪಂಪು ಬಾಯಿಗಿಟ್ಟು ಒತ್ತಿದರೂ ಉಸಿರು ಒಳಗಿಳಿಯದು. ಓಟದ ನಡುವೆಯೇ ಟೈಲರಮ್ಮನ ಮೊಮ್ಮಗನೂ ಕುಸಿದ.

ಆಸ್ಪತ್ರೆಯಲ್ಲಿ ಆವಿಯ ಮುಖವಾಡ ಹಾಕಿ, ಸೂಜಿ ಚುಚ್ಚಿ, ಬಹಳ ಹೊತ್ತಿನ ಮೇಲೆ ಇಬ್ಬರು ಮಕ್ಕಳ ಉಸಿರೂ ದಾರಿಗೆ ಬಂತು. ಟೈಲರಮ್ಮ ಪಕ್ಕದ ಮಂಚದ ಬಳಿ ಕೂತಿದ್ದಳು. ಬೈಯಲಿಲ್ಲ. "ನಿನ್ನ ತಂತಿ ನೋಡಿನೇ ಕಳಿಸ್ದೆ ಕಣಮ್ಮಾ" ಎಂದಷ್ಟೇ ಅಂದಳು. ಬೈದಿದ್ದರೆ ಚೆನ್ನಾಗಿತ್ತು.

ಗುಬ್ಬಿಯ ಬಟ್ಟೆ ಮಳೆಗೆ ತೊಯ್ದು ಮೈಗಂಟಿತ್ತು. ಅಳುತ್ತಾ ನಿಂತಿದ್ದ ತಂಗಿ ಚೀಲ ತಡಕಿ ಬೀಗದ ಕೈ ತೆಗೆದುಕೊಟ್ಟಳು. "ನಮ್ಮನೆ ಹತ್ತಿರ ಅಲ್ವಾ, ಅವಳ ಒಂದು ಫ್ರಾಕು ಅಲ್ಲೇ ಉಳಿದಿತ್ತು, ಇವತ್ತು ಬೆಳಿಗ್ಗೆ ತಾನೆ ಒಗೆದಿದ್ದೀನಿ. ತಂದುಬಿಡು."

ಅಕ್ಕ ಬೀಗ ತೆಗೆದಳು. ಮೊದಲು ಬಂದದ್ದು ವಾಸನೆ. ಬಿಸಿಲು ಕಾಣದೆ ಒಳಗೇ ಒಣಗಿದ ಬಟ್ಟೆಯ ಮುಗ್ಗಲು ವಾಸನೆ. ಅದು ಅವಳಿಗೆ ಚೆನ್ನಾಗಿ ಗೊತ್ತಿದ್ದ ವಾಸನೆ. ದೀಪ ಹಾಕಿದಳು. ಗೋಡೆಯಿಂದ ಗೋಡೆಗೆ ಹಗ್ಗ ಕಟ್ಟಿತ್ತು. ಹಗ್ಗದ ಮೇಲೆ, ಕುರ್ಚಿಯ ಬೆನ್ನ ಮೇಲೆ, ಬಾಗಿಲಿನ ತಲೆಯ ಮೇಲೆ ತಂಗಿಯ ಬಟ್ಟೆ. ಕಿಟಕಿಗಳಿಗೆಲ್ಲ ಅಗುಳಿ, ಸಂದಿಗಳಿಗೆ ಒದ್ದೆ ಟವೆಲು.

ಅಕ್ಕ ಅಲ್ಲೇ ನಿಂತಳು. ಕಾರಣ ಇರಬಹುದು, ಬೇರೆ ಏನಾದರೂ ಇರಬಹುದು ಎಂದು ಮನಸ್ಸು ಅತ್ತಿತ್ತ ಓಡಾಡಿತು. ಎಲ್ಲೂ ಏನೂ ಸಿಗಲಿಲ್ಲ. ಹಗ್ಗದ ತುದಿಯಲ್ಲಿದ್ದ ಗುಬ್ಬಿಯ ಫ್ರಾಕನ್ನು ತೆಗೆದಳು. ಅಂಚು ಇನ್ನೂ ಹಸಿಯಿತ್ತು.

ಆಸ್ಪತ್ರೆಯ ಮೆಟ್ಟಿಲ ಬಳಿ ತಂಗಿಯನ್ನು ತಡೆದು ಕೇಳಿದಳು. "ನಿನ್ನ ಬಟ್ಟೆ ಯಾಕೆ ಒಳಗಿವೆ?"

ತಂಗಿಯ ಕಣ್ಣು ಫ್ರಾಕಿನ ಮೇಲೆ ಬಿತ್ತು. ಕೈ ಬಾಯಿಗೆ ಹೋಯಿತು. "ನಮ್ಮ ರೇಡಿಯೋ ಸಾಹೇಬ್ರು ಗಾಳೀಲಿ ಪರಾಗ 'ಕಡಿಮೆ' ಅಂತ ಓದು ಅಂದ್ರು, ಅಕ್ಕ. ಓಟ ಇಟ್ಟಿರೋರೇ ನಾವು, ನಾವೇ ಬರಬೇಡಿ ಅನ್ನೋಕಾಗತ್ತಾ ಅಂದ್ರು. ನನ್ನ ಕೆಲಸ ಕಾಯಂ ಮಾಡೋ ಮಾತು ಬೇರೆ ನಡೀತಿದೆ..."

"ರೇಡಿಯೋದಲ್ಲಿ ಓದಿದ್ದು ಇರಲಿ. ನಂಗೆ ಫೋನಲ್ಲಿ?"

"ನೀನು ಒಳಗೆ ಹಾಕಿದ್ರೆ ಬೀದಿಯೆಲ್ಲ ಒಳಗೆ ಹಾಕ್ತಿತ್ತು. ರೇಡಿಯೋ ಒಂದು ಹೇಳಿದ್ರೆ ಅಕ್ಕನ ತಂತಿ ಇನ್ನೊಂದು ಹೇಳತ್ತೆ ಅಂತ ಆಗ್ತಿತ್ತು. ಯಾರು ಹೇಳಿಕೊಟ್ಟಿದ್ದು ಅಂತ ಗೊತ್ತಾಗದೇ ಇರತ್ತಾ? ಗುಬ್ಬಿ ಓಡಲ್ಲವಲ್ಲ, ಗಾಳಿ ಏಳೋ ಮುಂಚೆ ನಾನೇ ಕಾರಲ್ಲಿ ಕೂರಿಸೋಣ ಅಂದ್ಕೊಂಡಿದ್ದೆ..."

ಅಕ್ಕ ದನಿ ಏರಿಸಲಿಲ್ಲ. ತಾನೇ ಎತ್ತಿ ಆಡಿಸಿದ ತಂಗಿ. ಜಡೆ ಹಾಕಿದ, ಜ್ವರ ಬಂದಾಗ ಹಣೆಗೆ ಬಟ್ಟೆ ಹಾಕಿದ ತಂಗಿ. "ನಿನ್ನ ಬಟ್ಟೆನೆಲ್ಲ ಎಷ್ಟು ಜೋಪಾನ ಮಾಡಿದೀಯ" ಎಂದಳು. ಅಷ್ಟೇ ಅಂದು, ಹಸಿ ಅಂಚನ್ನು ತನ್ನ ಅಂಗೈಯ ಬಿಸಿಯಲ್ಲಿ ಒಣಗಿಸುತ್ತಾ ಮೆಟ್ಟಿಲು ಹತ್ತಿದಳು.

ಗುಬ್ಬಿ ಮನೆಗೆ ಬಂದ ಮರುದಿನ ಬೆಳಿಗ್ಗೆ ಅಕ್ಕ ಎಂದಿನಂತೆ ಬಟ್ಟೆ ಹಿಂಡಿದಳು. ಆದರೆ ರೇಡಿಯೋ ಹಾಕಲಿಲ್ಲ. ಕಪ್ಪು ಕೊಡೆಯೊಂದನ್ನು ಹಿಡಿದು ಬೀದಿಗಿಳಿದಳು. ಮರದ ಕೆಳಗೆ ಅದನ್ನು ಬಿಚ್ಚಿ ಅಂಗಾತ ಹಿಡಿದು, ಕೈಗೆಟುಕಿದ ಕೊಂಬೆಯನ್ನು ಮೆಲ್ಲಗೆ ಅಲುಗಿಸಿದಳು. ಕಪ್ಪು ಬಟ್ಟೆಯ ಮೇಲೆ ಹಳದಿ ಧೂಳು ಸುರಿಯಿತು. ಬೆರಳಾಡಿಸಿ ನೋಡಿದಳು. ಪುಡಿ ಪುಡಿ, ಒಣ ಒಣ. ಕೊಡೆಯನ್ನು ಹಾಗೇ ಮರದ ಬುಡದಲ್ಲಿ ಬಿಟ್ಟು ಮೇಲೆ ಬರುವಷ್ಟರಲ್ಲಿ ಫೋನು ಹೊಡೆದುಕೊಳ್ಳುತ್ತಿತ್ತು.

"ಅಕ್ಕಾ, ಇವತ್ತು ಒಳಗೆ." ತಂಗಿಯ ದನಿ ಸಣ್ಣಗಾಗಿತ್ತು. "ನಿಜವಾಗ್ಲೂ ಒಳಗೆ."

ಇಷ್ಟು ವರ್ಷ ಅವರಿಬ್ಬರ ನಡುವೆ ಆ 'ನಿಜವಾಗ್ಲೂ' ಬೇಕಾಗಿರಲಿಲ್ಲ.

"ಗೊತ್ತು" ಎಂದಳು ಅಕ್ಕ. "ನೋಡ್ಕೊಂಡು ಬಂದೆ."

ತಂಗಿ ಸದ್ದಿಲ್ಲದೆ ಅಳುವಾಗ ಮೂಗೆಳೆಯುವ ರೀತಿ ಅಕ್ಕನಿಗೆ ಗೊತ್ತಿತ್ತು, ಅದು ಕೇಳಿಸಿತು. ಎಂದಿನ ಅಕ್ಕನಾಗಿದ್ದರೆ "ಅಳಬೇಡ್ವೇ" ಅನ್ನುತ್ತಿದ್ದಳು. ಮಾತು ನಾಲಿಗೆಯ ತುದಿಗೂ ಬಂತು. ಅಷ್ಟರಲ್ಲಿ ಒಳಕೋಣೆಯಿಂದ ಗುಬ್ಬಿ ಕೆಮ್ಮಿದಳು.

ಅಕ್ಕ ಫೋನು ಕೆಳಗಿಟ್ಟಳು. ಎದುರಿನ ಕಿಟಕಿಯಲ್ಲಿ ಟೈಲರಮ್ಮ ಕೈಯಾಡಿಸಿ, ಏನು ಇವತ್ತು ಎಂದು ಕೇಳುತ್ತಿದ್ದಳು. ಅಕ್ಕ ಮರದ ಕೆಳಗಿನ ಕೊಡೆಯತ್ತ ಬೆರಳು ತೋರಿಸಿದಳು. ಟೈಲರಮ್ಮ ಬಗ್ಗಿ, ಹಳದಿಯನ್ನು ಕಣ್ಣಾರೆ ಕಂಡು, ಕಿಟಕಿ ಎಳೆದುಕೊಂಡಳು.

ಅಕ್ಕ ಬಕೆಟ್ಟನ್ನು ಒಳಗೆ ಎಳೆದುಕೊಂಡು ಬಾಲ್ಕನಿಯ ಬಾಗಿಲು ಹಾಕಿದಳು.