ವಯೋಲಾಳ ಕಲ್ಲು

ಗಂಡ ಹೆಂಡತಿ ಇಬ್ಬರೂ ಎರಡನೆಯ ಸಲ ನೀರಿನಿಂದ ತಲೆ ಎತ್ತಿದಾಗ ಗಂಟೆ ಇನ್ನೂ ಹತ್ತಾಗಿರಲಿಲ್ಲ. ಗ್ರಾಂಟ್ ಬಾಯಿಂದ ಉಸಿರುಗೊಳವೆ ಕಿತ್ತು, ಹಾಯಿದೋಣಿಯ ಅಂಚು ಹಿಡಿದು ತೇಲುತ್ತಲೇ ಕೇಳಿದ.

"ಕ್ಯಾಪ್ಟನ್, ಹವಳ ಎಲ್ಲಪ್ಪಾ? ಕೆಳಗಡೆ ಬರೀ ಮುರಿದ ಕಡ್ಡಿ ಬಿದ್ದಿದಾವೆ."

"ಕಡ್ಡಿ ಅಲ್ಲ, ಮೂಳೆ ಥರ," ಎಂದಳು ಅವನ ಹೆಂಡತಿ ಹೆದರ್. "ಒಂದು ಮೀನೂ ಇಲ್ಲ. ನನಗೆ ಒಂಥರಾ ಹೆದರಿಕೆ ಆಯ್ತು."

ಆಲ್ಬನ್ ಕ್ವಾಶಿ ಇಬ್ಬರನ್ನೂ ಕೈಹಿಡಿದು ಮೇಲೆಳೆದುಕೊಂಡ. ಹೇಳಬೇಕೆಂದರೆ ಬೇಕಾದಷ್ಟಿತ್ತು. ಕಡಲು ಒಲೆಯ ಮೇಲಿಟ್ಟ ನೀರಿನಂತೆ ಕಾದು ಹವಳವೆಲ್ಲ ಬೆಳ್ಳಗಾದದ್ದು, ಹಾಗೆ ಸತ್ತು ನಿಂತದ್ದನ್ನು ಹೋದ ವರ್ಷದ ಬಿರುಗಾಳಿ ಬಂದು ಪುಡಿ ಮಾಡಿದ್ದು. ಈ ಪುಟ್ಟ ಕ್ಯಾರಿಯಾಕೂ ದ್ವೀಪದ ಅಡುಗೆ ಒಲೆಗಳು ಇಡೀ ಕಡಲನ್ನು ಕಾಯಿಸುವಷ್ಟು ದೊಡ್ಡವಲ್ಲ. ಕಾಯಿಸಿದವರ ಊರುಗಳಿಂದಲೇ ಜನ ಬರುತ್ತಾರೆ, ಮುಖಕ್ಕೆ ಗಾಜು ಕಟ್ಟಿಕೊಂಡು ಮುಳುಗುತ್ತಾರೆ, ಎದ್ದು ಬಂದು ಹವಳ ಎಲ್ಲಿ ಎಂದು ಅವನನ್ನು ಕೇಳುತ್ತಾರೆ. ಅವನು ಹಲ್ಲು ಕಿರಿಯಬೇಕು.

ಕಿರಿದ. "ಇನ್ನೊಂದು ಜಾಗ ಇದೆ," ಎಂದ.

ಅಂದಮೇಲೆ ತನ್ನ ಮಾತಿಗೆ ತಾನೇ ಬೆಚ್ಚಿದ. ದೋಣಿಯ ಅಡುಗೆಗೂಡಿನಲ್ಲಿ ಶಂಖದ ಮಾಂಸ ಬಡಿಯುತ್ತಿದ್ದ ಅವನ ಹೆಂಡತಿ ಯುಡೀನ್ ಕೈ ನಿಲ್ಲಿಸಿ ತಲೆ ಹೊರಗೆ ಹಾಕಿದಳು.

"ಅಲ್ಲಿಗಾ?" ಎಂದಳು, ಅತಿಥಿಗಳಿಗೆ ಕೇಳಿಸದಂತೆ.

"ಮತ್ತೆಲ್ಲಿಗೆ? ಡೆಸ್ಮಂಡ್ ಏನಂದ ಅಂತ ನೀನೇ ಕೇಳಿಸ್ಕೊಂಡಿದ್ಯಲ್ಲ."

ಡೆಸ್ಮಂಡ್ ಈ ಅತಿಥಿಗಳು ಇಳಿದಿದ್ದ ಹೋಟೆಲಿನ ಮ್ಯಾನೇಜರು. ಇವರದೇ ಕೇರಿಯ ಹುಡುಗ, ಈಗ ಇಸ್ತ್ರಿ ಅಂಗಿ. ಬಿರುಗಾಳಿಯ ನಂತರ ಕೊಲ್ಲಿಯಲ್ಲಿ ಉಳಿದ ಒಂದೇ ಒಂದು ದೋಣಿಕಟ್ಟೆ ಹೋಟೆಲಿನದು. "ಮಾಮ, ಈ ಸಲವೂ ಅತಿಥಿಗಳು ಮುಖ ಊದಿಸ್ಕೊಂಡು ಬಂದ್ರೆ ಕಟ್ಟೆ ಮರೆತುಬಿಡು," ಎಂದಿದ್ದ. ಕಟ್ಟೆ ಇಲ್ಲದಿದ್ದರೆ ದೋಣಿ ಕಟ್ಟಲು ಜಾಗವಿಲ್ಲ. ಅಪ್ಪ ದಂಡೆಯ ಮೇಲೆ ಕೈಯಾರೆ ಕೆತ್ತಿ ಇಳಿಸಿದ ದೋಣಿ ಅದು.

"ಅತ್ತೆ ಹತ್ರ ಕೇಳಿದ್ಯಾ?"

"ಕನಸಿಗೆ ಬಂದಿದ್ರೆ ಕೇಳ್ತಿದ್ದೆ. ಗಾಳಿ ಆದ್ಮೇಲೆ ಒಂದು ಸಲಾನೂ ಬಂದಿಲ್ಲ ಕಣೇ."

ಯುಡೀನ್ ಮತ್ತೆ ಮಾಂಸ ಬಡಿಯತೊಡಗಿದಳು, ಮೊದಲಿಗಿಂತ ಜೋರಾಗಿ.

ಆ ಊರಿನಲ್ಲಿ ಹೆಣ ಹೂಳುವುದು ಒಂದು ದಿನದ ಕೆಲಸ, ಕಲ್ಲು ನಿಲ್ಲಿಸುವುದು ವರ್ಷಗಳ ಕೆಲಸ. ಸತ್ತವರು ಕನಸಿಗೆ ಬಂದು ನನ್ನ ಕಲ್ಲೆಲ್ಲಿ ಎಂದು ಕೇಳಬೇಕು. ಆಲ್ಬನ್ನನ ತಾಯಿ ವಯೋಲಾ ಸತ್ತ ಆರನೆಯ ವರ್ಷ ಬಂದು ಕೇಳಿದಳು. ಕಲ್ಲನ್ನು ಮನೆಗೆ ತಂದು ಅವಳದೇ ಮಂಚದ ಮೇಲೆ ಮಲಗಿಸಿ, ಬಿಳಿ ಹೊದಿಕೆ ಹೊದಿಸಿ, ಪಕ್ಕದಲ್ಲಿ ಊಟದ ತಟ್ಟೆ ಇಟ್ಟು, ಮರುದಿನ ನಗಾರಿ ಬಡಿಯುತ್ತ ದಂಡೆಯ ಸ್ಮಶಾನಕ್ಕೆ ಹೊತ್ತೊಯ್ದಿದ್ದರು. ಆಮೇಲೆ ಕಡಲು ಗೇಣು ಗೇಣಾಗಿ ದಂಡೆ ತಿಂದಿತು. ಉಳಿದದ್ದನ್ನು ಬಿರುಗಾಳಿ ಒಂದೇ ದಿನ ನುಂಗಿತು. ಊರಿನವರು ಎಲ್ಲವೂ ಹೋಯಿತೆಂದು ಎದೆ ಬಡಿದುಕೊಂಡರು. ಆದರೆ ಆಲ್ಬನ್ ಒಂದು ದಿನ ಮುಳುಗಿ ನೋಡಿದಾಗ, ಎರಡಾಳು ನೀರಿನ ಕೆಳಗೆ ಹನ್ನೊಂದು ಕಲ್ಲುಗಳು ನಿಂತೇ ಇದ್ದವು. ಹವಳದ ಊರು ಕಳೆದುಕೊಂಡ ಮೀನುಗಳೆಲ್ಲ ಅಲ್ಲಿಗೆ ಬಂದು ಸೇರಿದ್ದವು. ಅವನು ಅದನ್ನು ಯುಡೀನಳಿಗಲ್ಲದೆ ಯಾರಿಗೂ ಹೇಳಿರಲಿಲ್ಲ. ಈಗಲೂ ಹೇಳುವ ಉದ್ದೇಶವಿರಲಿಲ್ಲ. ಕಲ್ಲುಗಳಿಗೆ ಪಾಚಿ ಹಿಡಿದಿತ್ತು; ಹಳೆಯ ಗೋಡೆ ಎಂದರೆ ನಂಬುತ್ತಾರೆ.

ಹಾಯಿ ಇಳಿಸಿ, ಕಲ್ಲುಗಳಿಂದ ದೂರದ ಬರಿಮರಳಿನಲ್ಲಿ ಲಂಗರು ಹಾಕಿ, ಆಲ್ಬನ್ ಬಾಟಲಿ ತೆಗೆದ. ಮೊದಲು ಸಿಹಿನೀರು, ಆಮೇಲೆ ರಮ್ಮು ಸುರಿಯದೆ, ಹೆಸರು ಕರೆಯದೆ ಸತ್ತವರ ಅಂಗಳಕ್ಕೆ ಕಾಲಿಡುವುದು ಅವನಿಂದ ಆಗದ ಕೆಲಸ. ಅತಿಥಿಗಳಿಗೆ ಬೆನ್ನು ತಿರುಗಿಸಿ, ಎರಡನ್ನೂ ಕಡಲಿಗೆ ಸುರಿಯುತ್ತ ತುಟಿಯಲ್ಲೇ ಹನ್ನೊಂದು ಹೆಸರು ಹೇಳಿದ.

"ಏನು ಮಾಡ್ತಿದೀರಾ ಕ್ಯಾಪ್ಟನ್?" ಹೆದರ್ ಬೆನ್ನ ಹಿಂದೆಯೇ ನಿಂತಿದ್ದಳು.

ಗೋಡೆಯ ಮಾತು ನಾಲಿಗೆಯ ತುದಿಗೆ ಬಂದಿತ್ತು. ಸತ್ತವರಿಗೆಂದು ಬಿರಡೆ ತೆಗೆದ ಬಾಟಲಿ ಕೈಲಿರುವಾಗ ಸುಳ್ಳಾಡಬೇಡ ಎಂದು ವಯೋಲಾ ಬಾಲ್ಯದಲ್ಲಿ ಕಿವಿ ಹಿಂಡಿ ಕಲಿಸಿದ್ದಳು. ಬಾಟಲಿ ಕೆಳಗಿಟ್ಟು ಆಮೇಲೆ ಬಾಯಿ ತೆರೆದಿದ್ದರೆ ಆಗುತ್ತಿತ್ತು. ಇಡಲಿಲ್ಲ.

"ಕೆಳಗೆ ನಮ್ಮಮ್ಮ ಇದ್ದಾಳೆ," ಎಂದ.

ಹೆದರಳ ಕಣ್ಣು ತುಂಬಿ ಬಂತು. ಅವಳು ಕೆಟ್ಟವಳಲ್ಲ. ಅವನ ಕೈ ಒತ್ತಿ, "ನಮ್ಮನ್ನು ಇಲ್ಲಿಗೆ ಕರ್ಕೊಂಡು ಬಂದ್ರಲ್ಲಾ, ಇದಕ್ಕಿಂತ ದೊಡ್ಡ ಗೌರವ ಇಲ್ಲ," ಎಂದಳು. ಆಮೇಲೆ ಗಂಡನ ಕಡೆ ತಿರುಗಿ, "ಗ್ರಾಂಟ್, ನೀರಿನ ಕ್ಯಾಮೆರಾ!" ಎಂದಳು.

ಆಲ್ಬನ್ ಅವರ ಜೊತೆಯಲ್ಲೇ ಇಳಿದ. ನೀಲಿ ಗಿಳಿಮೀನು, ಹಳದಿ ಪಟ್ಟೆಯವು, ಹೆಸರಿಲ್ಲದ ಮರಿಗಳು ಕಲ್ಲಿನಿಂದ ಕಲ್ಲಿಗೆ ಗುಂಪಾಗಿ ತಿರುಗುತ್ತಿದ್ದವು. ಹೆದರ್ ಸೀದಾ ಅವನು ತೋರಿಸದ ಕಲ್ಲಿಗೇ ಹೋದಳು. ಅಂಗೈಯಿಂದ ಪಾಚಿ ಉಜ್ಜಿ ಉಜ್ಜಿ ಕಿತ್ತಳು. ಹಸಿರು ಮೋಡವೆದ್ದು ಚದುರಿದಾಗ ವಯೋಲಾ ಕ್ವಾಶಿ ಎಂಬ ಅಕ್ಷರಗಳು ಬೆಳ್ಳಗೆ ಕಂಡವು. ಗ್ರಾಂಟ್‌ನ ಮುಖಗಾಜಿಗೆ ನೀರು ನುಗ್ಗಿತು. ಅವನು ತಡಬಡಿಸಿ, ಮೇಲೇಳಲು ಆಸರೆ ಹುಡುಕಿ, ರಬ್ಬರಿನ ರೆಕ್ಕೆಪಾದ ಎರಡನ್ನೂ ಊರಿ ಆ ಕಲ್ಲಿನ ತಲೆಯ ಮೇಲೆಯೇ ನಿಂತು ನೂಕಿಕೊಂಡ. ಕಲ್ಲು ವಾಲಿತು.

ನೀರಿನೊಳಗೆ ಕೂಗಿದರೆ ಗುಳ್ಳೆಯಷ್ಟೇ ಏಳುತ್ತದೆ. ಆಲ್ಬನ್ ಕೂಗಿದ.

ಮೇಲೆ ಬಂದಮೇಲೆ ಗ್ರಾಂಟ್ ಹತ್ತು ಸಲ ಕ್ಷಮೆ ಕೇಳಿದ. "ನೋಡ್ಲಿಲ್ಲ ಕ್ಯಾಪ್ಟನ್, ದೇವರಾಣೆ ನೋಡ್ಲಿಲ್ಲ." ಆಲ್ಬನ್, "ಪರವಾಗಿಲ್ಲ ಸಾರ್," ಎಂದ. ಆ ಮಾತು ಅವನ ಬಾಯಿಗೆ ಇಪ್ಪತ್ತು ವರ್ಷಗಳಿಂದ ರೂಢಿ. ಯುಡೀನ್ ತಟ್ಟೆಗಳನ್ನು ಸದ್ದಾಗುವಂತೆ ಇಟ್ಟಳು. ಅತಿಥಿಗಳು ಶಂಖದ ಸಾರಿನಲ್ಲಿ ಮೆಕ್ಕೆಜೋಳದ ಮುದ್ದೆ ಅದ್ದಿ ತಿಂದು, ಬಹಳ ರುಚಿ ಎಂದರು. ಹೆದರ್ ಊಟದ ನಡುವೆಯೇ ಫೋನಿನಲ್ಲಿ ಬೆರಳಾಡಿಸುತ್ತಿದ್ದಳು.

ಮೂರು ಗಂಟೆಗೆ ಕಟ್ಟೆ ಮುಟ್ಟುವಷ್ಟರಲ್ಲಿ ಡೆಸ್ಮಂಡ್ ತುದಿಯಲ್ಲೇ ನಿಂತಿದ್ದ, ಮುಖ ಅರಳಿತ್ತು. ದಂಪತಿ ಆಲ್ಬನ್ನನನ್ನು ತಬ್ಬಿ ಬೀಳ್ಕೊಂಡು ಹೋಟೆಲಿನ ಕಡೆ ನಡೆದರು.

"ಮಾಮ, ಎಂಥಾ ಕಳ್ಳ ಮಾರಾಯ ನೀನು! ಇಂಥಾ ಮಾಲು ಬಚ್ಚಿಟ್ಟಿದ್ಯಲ್ಲ! ಆ ಯಮ್ಮ ಫೋಟೋ ಹಾಕಿ ಎರಡು ಗಂಟೆ ಆಗಿಲ್ಲ, ನಾಳೆಗೆ ಹನ್ನೆರಡು ಜನ ಹೆಸರು ಕೊಟ್ಟಿದಾರೆ. ನಿನ್ನ ದೋಣೀಲಿ ಆರು, ಹೋಟೆಲ್ ಮೋಟಾರು ದೋಣೀಲಿ ಆರು."

"ಅದು ಸ್ಮಶಾನ ಕಣೋ."

"ಅದಕ್ಕೇ ತಾನೇ ಬರ್ತಿರೋದು! ಆ ರಮ್ಮು ಸುರಿಯೋದನ್ನೂ ಮಾಡ್ಬೇಕು, ಕೇಳಿದಾರೆ."

"ನಿಮ್ಮಜ್ಜೀನೂ ಅಲ್ಲೇ ಇದ್ದಾಳೆ ಡೆಸ್ಮಂಡ್. ನಮ್ಮಮ್ಮನ ಎಡಗಡೆ, ಮೂರನೇ ಕಲ್ಲು."

ಡೆಸ್ಮಂಡನ ನಗು ಒಂದು ಗಳಿಗೆ ಮುಖದ ಮೇಲೆ ಅಂಟಿಕೊಂಡೇ ಸತ್ತಿತು. ಅವನು ಕಡಲಿನ ಕಡೆ ನೋಡಲಿಲ್ಲ. "ಅಜ್ಜಿ ಹೊಟ್ಟೆ ತುಂಬಿಸ್ತಾಳಾ ಮಾಮ? ನನ್ನ ಮೇಲೂ ಒಬ್ಬ ಕೂತಿದಾನೆ," ಎಂದು ಹೊರಟುಹೋದ.

ಆಲ್ಬನ್ ಹಗ್ಗದ ಸುರುಳಿಯ ಮೇಲೆ ಕುಸಿದು ಕೂತ. "ಆಗಲ್ಲ ಅಂದ್ಬಿಡ್ತೀನಿ."

"ಅನ್ನು," ಎಂದಳು ಯುಡೀನ್. "ನೀನು ಆಗಲ್ಲ ಅಂದ್ರೆ ಮೋಟಾರು ದೋಣಿ ನಿಲ್ಲತ್ತಾ? ಆ ಪರವೂರಿನ ಡ್ರೈವರಿಗೆ ಯಾರು ಎಲ್ಲಿ ಮಲಗಿದಾರೆ ಅಂತ ಗೊತ್ತಾ? ಸೀದಾ ಅತ್ತೆ ಎದೆ ಮೇಲೆ ಲಂಗರು ಹಾಕ್ತಾನೆ."

ಆಲ್ಬನ್ ಎದ್ದು, ಹೋಟೆಲಿನ ಗೋದಾಮಿನಿಂದ ಜಾಗದ ಗುರುತಿಗೆ ನೀರಿನ ಮೇಲೆ ಕಟ್ಟಿಬಿಡುವ ಕಿತ್ತಳೆ ಬಣ್ಣದ ತೇಲುಬುರುಡೆಯೊಂದನ್ನು ತಂದ. ಬುರುಡೆ ಕಂಡಲ್ಲಿ ದೂರ ನಿಲ್ಲಬೇಕೆಂದು ಡ್ರೈವರಿಗೆ ಹೇಳಿ, ಸಂಜೆ ಬಿಸಿಲು ಇರುವಾಗಲೇ ಯುಡೀನಳ ಜೊತೆ ದೋಣಿ ತಿರುಗಿಸಿದ. ಈ ಸಲ ಬಾಟಲಿ ತೆಗೆಯಲಿಲ್ಲ. ಬುರುಡೆಯ ಹಗ್ಗ ಹಿಡಿದು ಮುಳುಗಿದ.

ಅಡಿಯಲ್ಲೆಲ್ಲ ಸಡಿಲ ಮರಳು. ಗೂಟ ನೆಟ್ಟರೆ ನಿಲ್ಲುವುದಿಲ್ಲ. ಸುತ್ತ ಹುಡುಕಿದ, ಉಸಿರಿಗೆ ಮೇಲೆದ್ದ, ಮತ್ತೆ ಮುಳುಗಿ ಹುಡುಕಿದ. ಕಟ್ಟುವಷ್ಟು ಗಟ್ಟಿಯಾದದ್ದು ಆ ತಳದಲ್ಲಿ ಹನ್ನೊಂದೇ ಹನ್ನೊಂದು. ಬೇರೆಯವರ ತಾಯಂದಿರನ್ನು ಕಟ್ಟುವ ಹಕ್ಕು ತನಗಿಲ್ಲವೆಂದು ಅವನಿಗೆ ಅನಿಸಿತು. ವಾಲಿದ ಕಲ್ಲನ್ನು ಭುಜ ಕೊಟ್ಟು ನೆಟ್ಟಗೆ ಮಾಡಿದ. ಹಗ್ಗವನ್ನು ಅದರ ಕತ್ತಿನಂಥ ಜಾಗಕ್ಕೆ ಎರಡು ಸುತ್ತು ಸುತ್ತಿ, ಹೆಸರಿನ ಮೇಲೆ ಗಂಟು ಬೀಳದಂತೆ ಪಕ್ಕಕ್ಕೆ ಸರಿಸಿ, ಎಳೆದು ಬಿಗಿದ.

"ನಿಲ್ತಾ?" ಎಂದು ಅವನು ನೀರಿನಿಂದ ತಲೆ ಎತ್ತಿದಾಗ ದೋಣಿಯಿಂದ ಯುಡೀನ್ ಕೇಳಿದಳು.

"ನಿಲ್ತು," ಎಂದ ಆಲ್ಬನ್.