ಹೊರಗೆ ಕೂತ ಸಭೆ

ಪಾತಣ್ಣ ಹಿಂದಿನ ದಿನ ಚಳ್ಳಕೆರೆಗೆ ಬಂದು ಕೇಳಿಕೊಂಡದ್ದು ಒಂದೇ ಮಾತು. ಎಣ್ಣೆ ಮಿಲ್ಲಿನ ಹಿಂದಿದ್ದ ಕ್ರೈಸ್ತ ಸಭೆಯ ಜಿಲ್ಲಾ ಕಚೇರಿಯಲ್ಲಿ, ಕುರ್ಚಿ ಕೊಟ್ಟರೂ ಕೂರದೆ, ಅಲ್ಲಿ ಕೆಲಸಕ್ಕಿದ್ದ ಓಬಳೇಶನ ಮೇಜಿಗೆ ಕೈಯೂರಿ ನಿಂತು ಹೇಳಿದ:

"ಲೇ ಓಬಳೇಶ, ನಾಳೆ ಏನಾದ್ರೂ ಮಾಡ್ಕಳ್ರಿ. ಕೈ ಎತ್ತಿಸ್ರಿ, ಚೀಟಿ ಹಾಕಿಸ್ರಿ. ನನ್ನ ಎಬ್ಬಿಸಿ ಹೊರಗೆ ಮಾತ್ರ ಕಳಿಸಬ್ಯಾಡ್ರಿ. ಅದೊಂದು ಆ ಬೆಂಗಳೂರಿನ ಅಯ್ಯನೋರಿಗೆ ಹೇಳು."

"ಹೇಳ್ತೀನಿ ಬಿಡು ದೊಡ್ಡಪ್ಪ."

"ಬಿಡು ಅನ್ನಬ್ಯಾಡ. ಹೇಳ್ತೀನಿ ಅನ್ನು."

"ಹೇಳ್ತೀನಿ," ಎಂದ ಓಬಳೇಶ್.

ಯಾಕೆ ಎಂದು ಅವನು ಕೇಳಬೇಕಾಗಿರಲಿಲ್ಲ. ಅವನೂ ಪಾತಣ್ಣನ ಹಟ್ಟಿಯವನೇ. ಮೊಳಕಾಲ್ಮೂರಿನಾಚೆ, ಆಂಧ್ರದ ಗಡಿಗೆ ತಾಗಿಕೊಂಡ ಆ ಹಟ್ಟಿಯಲ್ಲಿ ಕುಲದವರು ನೆಲದ ಮೇಲೆ ಸುತ್ತುಗೂಡಿ ಕೂತು ನ್ಯಾಯ ಮಾಡುತ್ತಾರೆ. ಕೂತವರ ನಡುವಿನಿಂದ ಒಬ್ಬನನ್ನು ಎಬ್ಬಿಸಿ ಹೊರಗೆ ನಡೆ ಎಂದರೆ ಅವನ ಕತೆ ಮುಗಿಯಿತು. ಅವನಿಗೆ ಬೆಂಕಿ ಕೊಡುವವರಿಲ್ಲ, ನೀರು ಕೊಡುವವರಿಲ್ಲ. ಇಪ್ಪತ್ತೈದು ವರ್ಷದ ಹಿಂದೆ ದೀಕ್ಷಾಸ್ನಾನ ತೆಗೆದುಕೊಂಡಾಗ ಪಾತಣ್ಣನನ್ನು ಹಾಗೆ ಎಬ್ಬಿಸಿದ್ದರು. ಅವನು ಎದ್ದು ಹೋಗಿ ಹಟ್ಟಿಯ ಅಂಚಿನಲ್ಲಿ ತಗಡಿನ ಗುಡಿಸಲು ಹಾಕಿ ಪ್ರಾರ್ಥನೆ ಶುರುಮಾಡಿದ. ವರ್ಷಕ್ಕೊಂದು ಮನೆಯಂತೆ ಜನ ಅವನ ಕಡೆ ಬಂದರು. ಮೊದಲು ಬಂದವಳು ಅವನ ತಂಗಿ ಸೂರಮ್ಮ, ಗಂಡ ಸತ್ತ ಮೇಲೆ. ಆ ಜನ ಯೇಸುವನ್ನು ಒಪ್ಪಿಕೊಂಡರು, ಬೆಂಚನ್ನು ಒಪ್ಪಿಕೊಳ್ಳಲಿಲ್ಲ. ಸಭೆಯವರು ಕಳಿಸಿದ ಬೆಂಚುಗಳು ಗೋಡೆಗೆ ಒರಗಿ ನಿಂತಿದ್ದವು. ಜನ ಈಗಲೂ ನೆಲದ ಮೇಲೆ ಸುತ್ತುಗೂಡಿಯೇ ಕೂರುತ್ತಿದ್ದರು.

ಸಭೆಯ ಕೇಂದ್ರ ಕಚೇರಿ ಕೆನಡಾದಲ್ಲಿತ್ತು. ನಲವತ್ತು ದೇಶಕ್ಕೆ ಒಂದೇ ನಿಯಮಾವಳಿ. ಆ ವರ್ಷ, ಅಂದರೆ ಎರಡು ಸಾವಿರದ ಎರಡರಲ್ಲಿ, ಹೊಸ ನಿಯಮ ಬಂತು: ಊರಿನ ಸದಸ್ಯರು ಪ್ರಾರ್ಥನಾ ಮಂದಿರದೊಳಗೆ ಸೇರಿ, ಪ್ರಾಂತದ ಅಧ್ಯಕ್ಷರ ಎದುರಿಗೆ ಒಪ್ಪಿದರೆ ಮಾತ್ರ ಒಬ್ಬ ಸಭಾಪಾಲಕನಾಗಬಹುದು. ಅರವತ್ತು ತುಂಬಿದವರನ್ನು ಹೊಸದಾಗಿ ನೇಮಿಸುವಂತಿಲ್ಲ. ಪಾತಣ್ಣನಿಗೆ ಅಲ್ಲಿಯವರೆಗೆ ನೇಮಕದ ಕಾಗದವೇ ಇರಲಿಲ್ಲ. ಕ್ರಿಸ್‌ಮಸ್ಸಿಗೆ ಪಾತಣ್ಣನಿಗೆ ಅರವತ್ತು ತುಂಬುತ್ತಿತ್ತು. ಬೆಂಗಳೂರಿನಿಂದ ಅಧ್ಯಕ್ಷರು ಬರುವುದು ವರ್ಷಕ್ಕೊಮ್ಮೆ. ಈ ಸಲ ಆಗದಿದ್ದರೆ ಬೈಬಲ್ ಕಾಲೇಜಿನಿಂದ ಯಾರೋ ಬರುತ್ತಾರೆ. ಆಮೇಲೆ ಪಾತಣ್ಣ ರೊಟ್ಟಿ ಮುರಿದು ಪ್ರಭುಭೋಜನ ಕೊಡುವಂತಿಲ್ಲ, ಮಗುವಿಗೆ ಹೆಸರಿಡುವಂತಿಲ್ಲ, ಸತ್ತವರ ಗುಂಡಿಯ ಮುಂದೆ ನಿಂತು ಪ್ರಾರ್ಥಿಸುವಂತಿಲ್ಲ.

ಇವೆಲ್ಲ ಗೊತ್ತಿದ್ದೂ, ಮರುದಿನ ಅಧ್ಯಕ್ಷರ ಜೊತೆ ಹಟ್ಟಿಗೆ ಹೊರಟ ಓಬಳೇಶ್ ಜೀಪಿನಲ್ಲಿ ಬಾಯಿ ಬಿಡಲಿಲ್ಲ.

ಬಿಡಬೇಕೆಂದೇ ಹತ್ತಿದ್ದ. ಆದರೆ ಚಳ್ಳಕೆರೆ ದಾಟುತ್ತಿದ್ದಂತೆ ಅಧ್ಯಕ್ಷರೇ ಮಾತು ತೆಗೆದರು. "ನಿನ್ನನ್ನ ಬೆಂಗಳೂರಿನ ಪ್ರಾಂತ ಕಚೇರಿಗೆ ತಗೋಬೇಕು ಅಂತಿದೀನಿ ಓಬಳೇಶ್. ಒಂದು ವರ್ಷ ಕೆಲಸ ಕಲಿ. ಆಮೇಲೆ ನೈರೋಬಿಯಲ್ಲಿ ಆಡಳಿತದ ತರಬೇತಿ ಇದೆ, ಕಳಿಸ್ತೀನಿ. ಈ ಕಡೆಯವರ ತೊಂದರೆ ಏನು ಗೊತ್ತಾ? ಯೇಸು ಬೇಕು, ಆದ್ರೆ ಕುಲದ ಕಟ್ಟೆ ಬಿಡಲ್ಲ. ನೀನು ಹಾಗಲ್ಲ. ಅದಕ್ಕೇ ನಿನ್ನ ಹೆಸರು ಬರೆದೆ."

ಇಷ್ಟು ಕೇಳಿದ ಮೇಲೆ ಕುಲದ ಕಟ್ಟೆಯ ಮಾತು ಎತ್ತುವುದು ಹೇಗೆ? ಮೊಳಕಾಲ್ಮೂರಿನ ಹತ್ತಿರದ ಹಾನಗಲ್ಲಿನಲ್ಲಿ ಚಹಾಕ್ಕೆ ಇಳಿದಾಗ ಧೈರ್ಯ ಮಾಡಿದ.

"ಸರ್, ಒಂದು ವಿಷಯ."

"ಹೇಳು."

ಓಬಳೇಶ್ ಗ್ಲಾಸಿನೊಳಗೆ ನೋಡಿದ. "ಮಧ್ಯಾಹ್ನ ಊಟಕ್ಕೆ ಕೋಳಿ ಇರಲ್ಲ ಸರ್. ನಮ್ಮ ಹಟ್ಟೀಲಿ ಕೋಳಿ ತಿನ್ನಲ್ಲ."

"ಕ್ರೈಸ್ತರಾದ ಮೇಲೂನಾ?" ಅಧ್ಯಕ್ಷರು ಚಹಾ ಚೆಲ್ಲುವಂತೆ ನಕ್ಕರು. "ನೋಡಿದ್ಯಾ, ನಾನು ಹೇಳಿದ್ದು ಇದೇ!"

ಓಬಳೇಶನೂ ನಕ್ಕ. ಆ ನಗುವಿನ ಜೊತೆಗೇ ಮಾತು ಹೊಟ್ಟೆಗಿಳಿಯಿತು.

ಹಟ್ಟಿಯಲ್ಲಿ ಜನ ಒಗೆದ ಬಟ್ಟೆ ಉಟ್ಟು ಕಾದಿದ್ದರು. ಪಾತಣ್ಣ ಸುತ್ತಿನಲ್ಲಿ ಬಾಗಿಲಿಗೆ ಎದುರಾಗಿ ಕೂತಿದ್ದ, ಹೆಗಲ ಮೇಲೆ ಹೊಸ ಟವೆಲ್ಲು. ಅಧ್ಯಕ್ಷರಿಗೆ ಒಂದು ಕುರ್ಚಿ, ಬರೆದುಕೊಳ್ಳಲು ಓಬಳೇಶನಿಗೊಂದು ಸ್ಟೂಲು. ಹಾಡಾಯಿತು, ಪ್ರಾರ್ಥನೆಯಾಯಿತು. ಅಧ್ಯಕ್ಷರು ಮೆತ್ತಗೆ, ಮರ್ಯಾದೆಯಿಂದಲೇ ಹೇಳಿದರು:

"ಪಾತಣ್ಣನವರೇ, ನಿಮ್ಮ ವಿಷಯ ಚರ್ಚೆಯಾಗುವಾಗ ನೀವು ಇಲ್ಲಿ ಇರಬಾರದು. ಎದ್ದು ಸ್ವಲ್ಪ ಹೊರಗೆ ಹೋಗಿ."

ಪಾತಣ್ಣ ಅಧ್ಯಕ್ಷರ ಕಡೆ ನೋಡಲಿಲ್ಲ, ಓಬಳೇಶನನ್ನು ನೋಡಿದ. ಓಬಳೇಶ್ ಪೆನ್ನಿನ ಮುಚ್ಚಳ ತೆಗೆದ, ಹಾಕಿದ, ಮತ್ತೆ ತೆಗೆದ. ಮುದುಕ ನೆಲಕ್ಕೆ ಕೈಯೂರಿ ಎದ್ದ. ಹೆಗಲ ಟವೆಲ್ಲನ್ನು ತೆಗೆದು ಕಂಕುಳಲ್ಲಿ ಇಟ್ಟುಕೊಂಡು, ಯಾರ ಮುಖವನ್ನೂ ನೋಡದೆ ಹೊರಗೆ ಹೋದ.

"ಈಗ ಧೈರ್ಯವಾಗಿ ಮಾತಾಡಿ," ಎಂದರು ಅಧ್ಯಕ್ಷರು.

ಹಿರಿಯ ಕ್ಯಾತಣ್ಣ ಕೆಮ್ಮಿದ. "ಅವನೇನು ತಪ್ಪು ಮಾಡಿದ ಸ್ವಾಮಿ?"

"ತಪ್ಪೇನಿಲ್ಲವಲ್ಲ."

"ತಪ್ಪಿಲ್ಲ ಅಂದಮ್ಯಾಲೆ ಯಾಕ್ರಿ ಎಬ್ಬಿಸಿದ್ರಿ?"

"ಅದು ನಿಯಮ. ಎಲ್ಲ ದೇಶದಲ್ಲೂ ಹೀಗೇ."

"ಇವರ ದೇಶದಾಗೂ ಎಬ್ಬಿಸ್ತಾರಂತೆ ಕಣ್ರಪ್ಪ," ಎಂದು ಕ್ಯಾತಣ್ಣ ಪಕ್ಕದವನಿಗೆ ಹೇಳಿದ. ಯಾರೂ ನಗಲಿಲ್ಲ.

ಸೂರಮ್ಮ ಎದ್ದಳು. "ಆವತ್ತು ಎಬ್ಬಿಸಿದಾಗ ನನ್ನ ಗಂಡ ಕೈ ಒತ್ತಿ ಹಿಡಕಂಡಿದ್ದ. ಕೂತೇ ಇದ್ದೆ. ಈಗ ಹಿಡಕಳೋರು ಯಾರೈದಾರೆ?" ಎಂದವಳೇ ಬಾಗಿಲ ಕಡೆ ಮುಖ ಮಾಡಿ, ಮನೆಯ ತೆಲುಗಿನಲ್ಲಿ ಕೂಗಿದಳು, "ಉಂಡು ಅನ್ನಾ, ನೇನೂ ವಸ್ತಾ!" ಇರು ಅಣ್ಣ, ನಾನೂ ಬರುತ್ತೇನೆ ಎಂದು.

ಅವಳ ಹಿಂದೆ ಕ್ಯಾತಣ್ಣ ಎದ್ದ. ಅವನ ಹಿಂದೆ ಒಬ್ಬೊಬ್ಬರೇ ಎಲ್ಲರೂ. ಎದ್ದವನ ಜೊತೆ ಎದ್ದವರಿಗೂ ಅದೇ ಗತಿ ಎಂಬುದು ಅವರಿಗೆ ಗೊತ್ತಿತ್ತು. ಆದರೂ ಎದ್ದರು. ಒಳಗೆ ಉಳಿದದ್ದು ಕುರ್ಚಿ, ಸ್ಟೂಲು, ಗೋಡೆಗೊರಗಿದ ಬೆಂಚುಗಳು.

ಅಧ್ಯಕ್ಷರ ಮುಖ ಕೆಂಪಾಯಿತು. "ಇಷ್ಟೊಂದು ವಿರೋಧವಿತ್ತಾ ಅವನಿಗೆ? ನೀನು ಹೇಳಲೇ ಇಲ್ಲ! ಸದಸ್ಯರಿಗೆ ವಿಶ್ವಾಸವಿಲ್ಲ ಅಂತ ಬರಿ."

"ವಿರೋಧ ಅಲ್ಲ ಸರ್," ಎಂದ ಓಬಳೇಶ್. ಆಗ ಎಲ್ಲ ಹೇಳಿದ. ಎಬ್ಬಿಸುವುದು ಅಂದರೆ ಏನು, ಇಪ್ಪತ್ತೈದು ವರ್ಷದ ಹಿಂದೆ ಏನಾಯಿತು. ನಿನ್ನೆ ಪಾತಣ್ಣ ಬಂದು ಏನು ಕೇಳಿದ ಎಂಬುದನ್ನೂ ಹೇಳಿದ.

ಬೈಸಿಕೊಳ್ಳಲು ಸಿದ್ಧನಾಗಿ ನಿಂತ. ಅಧ್ಯಕ್ಷರು ಬೈಯಲಿಲ್ಲ. ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು.

"ಜೀಪಲ್ಲೇ ಹೇಳಬಾರದಿತ್ತೇನಯ್ಯ? ಚರ್ಚೆ ಇಲ್ಲದೆ ಚೀಟಿ ಹಾಕಿಸಿದ್ರೆ ಯಾರೂ ಹೊರಗೆ ಹೋಗಬೇಕಾಗಿಲ್ಲ. ನಿಯಮದಲ್ಲೇ ಇದೆ. ಹತ್ತು ನಿಮಿಷದ ಕೆಲಸ."

ಅವರೇ ಹೊರಗೆ ಹೋದರು. ಬೇವಿನ ಮರದ ಕೆಳಗೆ ಜನ ಪಾತಣ್ಣನನ್ನು ನಡುವೆ ಇಟ್ಟುಕೊಂಡು ಸುತ್ತು ಕೂತಿದ್ದರು. ಅಧ್ಯಕ್ಷರು ಕೈ ಮುಗಿದರು. "ತಪ್ಪಾಯ್ತು. ನೀವೂ ಬನ್ನಿ, ಎಲ್ಲರೂ ಒಳಗೆ ಬನ್ನಿ. ಚೀಟಿ ಹಾಕಿಸ್ತೀನಿ."

"ಬ್ಯಾಡ ಸ್ವಾಮಿ," ಎಂದ ಪಾತಣ್ಣ. ದನಿಯಲ್ಲಿ ಸಿಟ್ಟಿರಲಿಲ್ಲ. "ಎಬ್ಬಿಸಿದ ಜಾಗಕ್ಕೆ ನಾನಾಗಿ ಹೋಗಿ ಕೂರಲ್ಲ. ಆವತ್ತೂ ಹೋಗಲಿಲ್ಲ. ಬೇಕಾದ್ರೆ ಇಲ್ಲೇ ಕೇಳ್ರಿ."

"ಮರದ ಕೆಳಗೆ ಆಗಿದ್ದು ಕೆನಡಾದಲ್ಲಿ ನಿಲ್ಲಲ್ಲ ಪಾತಣ್ಣನವರೇ."

"ಹಂಗಾದ್ರೆ ಬಿಡ್ರಿ."

ಅಧ್ಯಕ್ಷರು ಜೀಪಿನ ಕಡೆ ನಡೆದರು. ಹಿಂದೆ ಬಂದಿದ್ದ ಓಬಳೇಶನಿಗೆ, ಸಭೆ ಸೇರಿಲ್ಲ ಎಂದು ಬರೆದರೆ ಸಾಕು ಎಂದರು. ವಿಶ್ವಾಸವಿಲ್ಲ ಎಂದು ಬರೆಯುವುದು ಬೇಡ. ಎರಡೂ ಒಂದೇ ಎಂಬುದು ಇಬ್ಬರಿಗೂ ಗೊತ್ತಿತ್ತು. ಕ್ರಿಸ್‌ಮಸ್ಸಿನ ಹೊತ್ತಿಗೆ ಹೊಸ ಸಭಾಪಾಲಕ ಬರುತ್ತಾನೆ.

ಓಬಳೇಶ್ ಹಿಂದೆ ಉಳಿದ. ಪಾತಣ್ಣ ತಲೆಯೆತ್ತಿ ಕೇಳಿದ, "ಹೇಳಿದ್ಯೇನೋ?"

ಎಲ್ಲರೂ ಅವನ ಕಡೆ ತಿರುಗಿದರು.

"ಹೇಳಿದ್ದೆ ದೊಡ್ಡಪ್ಪ," ಎಂದ ಓಬಳೇಶ್. "ಅವರು ಕೇಳಲಿಲ್ಲ."

"ಹೋಗ್ಲಿ. ನೀನು ಹೇಳಿದ್ಯಲ್ಲ, ಸಾಕು."

ಜೀಪಿನ ಹಾರನ್ ಆಯಿತು. ಸೂರಮ್ಮ ಪಕ್ಕಕ್ಕೆ ಸರಿದು, ಸೆರಗಿನಿಂದ ನೆಲದ ಮೇಲಿನ ಎಲೆ ಗುಡಿಸಿ ಜಾಗ ಮಾಡಿದಳು. "ಬಾರೋ, ಮಜ್ಜಿಗೆ ತರಿಸ್ತೀನಿ. ಕುಡಕಂಡು ಹೋಗುವಂತೆ."

ಓಬಳೇಶ್ ಆ ಜಾಗ ನೋಡಿದ. ಒಬ್ಬ ಚಕ್ಕಳಮಕ್ಕಳ ಹಾಕಿ ಕೂರುವಷ್ಟಿತ್ತು. ಅವನ ಕಾಲು ಬಾಗಲಿಲ್ಲ. ಹಾರನ್ ಮತ್ತೆ ಆಯಿತು.

"ಅದ್ಯಾಕೋ ನಿಂತೇ ಇದೀಯ?" ಎಂದಳು ಸೂರಮ್ಮ. "ನಿನ್ನನ್ಯಾರು ಎಬ್ಬಿಸಿದ್ರು?"