ಔಟಾಗದ ಭೋಜರಾಜನೂ ಮಗುಚದ ಮೀನೂ

ಒಂದಾನೊಂದು ಕಾಲದಲ್ಲಿ, ಕುಂಭಾಶಿಯಿಂದ ಪಡುವಣಕ್ಕೆ, ದಾರಿ ಮುಗಿದು ಕಡಲ ಮರಳು, ಅಂದರೆ ಹೊಯ್ಗೆ, ಶುರುವಾಗುವಲ್ಲಿ ಒಬ್ಬ ರಾಜನಿದ್ದ. ಹೆಸರೇ ಭೋಜರಾಜ. ಅವನಿಗೆ ಐಸ್ ಪ್ಲಾಂಟ್ ಇತ್ತು, ಬೋಟುಗಳಿದ್ದವು, ಎಲ್ಲಕ್ಕಿಂತ ಮಿಗಿಲಾಗಿ ಒಂದು ಕ್ರಿಕೆಟ್ ಬ್ಯಾಟ್ ಇತ್ತು. ಆ ಕೇರಿಗೆಲ್ಲ ಅದೊಂದೇ ಬ್ಯಾಟು. ಬ್ಯಾಟು ಯಾರದೋ ಅವನು ಔಟಾಗುವುದಿಲ್ಲ ಎಂಬುದು ಆ ರಾಜ್ಯದ ಕಾನೂನು.

ಅದೇ ರಾಜ್ಯದಲ್ಲಿ ಹೆಂಗಸರು ಮೀನು ಒಣಗಿಸುತ್ತಿದ್ದರು. ಬಂಗುಡೆ ಮೀನಿನ ಹೊಟ್ಟೆ ಸೀಳಿ, ಉಪ್ಪು ತುಂಬಿ, ಹೊಯ್ಗೆಯಲ್ಲಿ ಹಳೆ ಬಲೆ ಹಾಸಿ ಹರವಬೇಕು. ಬಿಸಿಲು ನೆತ್ತಿಗೆ ಬಂದಾಗ ಒಂದೊಂದನ್ನೇ ಮಗುಚಬೇಕು. ಮಗುಚದಿದ್ದರೆ ಅಡಿಮೈಗೆ ಹುಳ. ಉಪ್ಪು ಬೆರಳ ಸಂದಿಯನ್ನು ತಿಂದುಹಾಕುತ್ತದೆ. ಗಂಜಿಗೆ ಕೈ ಹಾಕಿದರೂ ಉರಿ. ಪದ್ದಜ್ಜಿಯ ಕೈ ಹಾಗಿತ್ತು, ಅವಳ ಮಗಳು ವನಜಳ ಕೈಯೂ ಹಾಗೇ ಆಗಿತ್ತು. ಇನ್ನು ಮೊಮ್ಮಗಳು ದೀಕ್ಷಿತಾಳ ಸರದಿ. ಅವಳು ಸಿಕ್ಕಿದರೆ ತಾನೆ?

ಅವಳಿಗಿದ್ದ ಕೆಲಸ ಎರಡೇ: ಕಾಗೆ ಓಡಿಸುವುದು, ಮೀನು ಮಗುಚುವುದು. ಮೊದಲನೆಯದೆಂದರೆ ಅವಳಿಗೆ ಪ್ರಾಣ. ಕಲ್ಲು ಬೀಸಿದರೆ ಕಾಗೆಯ ಬಾಲಕ್ಕೇ. ಕಾಗೆಗಳು ಆ ಕಡೆ ಬರುವುದನ್ನೇ ಬಿಟ್ಟ ಮೇಲೆ ಅವಳ ಕಣ್ಣು ಭೋಜರಾಜನ ಮೇಲೆ ಬಿತ್ತು. ಭಾನುವಾರ ಅದೇ ಹೊಯ್ಗೆಯಲ್ಲಿ ಅವನ ಆಟ. ಮೀನಿನ ಕ್ರೇಟೇ ವಿಕೆಟ್ಟು.

"ಹೆಣೇ, ಮೀನ್ ಮಗ್ಚಿ ಹಾಕ್ ಬಾ!" ಪದ್ದಜ್ಜಿ ಕೂಗಿದಳು.

"ಇವ್ರನ್ನ ಒಂದ್ಸಲ ಔಟ್ ಮಾಡಿ ಬತ್ತೆ ಅಜ್ಜಿ. ದೇವ್ರಾಣಿ ಮಗ್ಚ್ತೆ."

ಓಡಿ ಬಂದು ಚೆಂಡು ಹಾಕಿದಳು. ಕ್ರೇಟು ಉರುಳಿತು.

"ಗಾಳಿಗ್ ಬಿದ್ದದ್ದ್," ಎಂದ ಭೋಜರಾಜ.

ಮತ್ತೆ ಹಾಕಿದಳು. ಮತ್ತೆ ಉರುಳಿತು.

"ಕಣ್ಣಿಗ್ ಹೊಯ್ಗಿ ಬಿತ್ತ್."

ಇನ್ನೊಮ್ಮೆ.

"ಹೆಣ್ಮಕ್ಕಳ್ ಹಾಕಿದ್ ಲೆಕ್ಕ ಇಲ್ಲೆ."

ಆ ದಿನದ ಬಂಗುಡೆಗೆ ಹುಳ ಬಿತ್ತು. ದೀಕ್ಷಿತಾಳ ಬೆನ್ನಿಗೆ ಪೊರಕೆ ಬಿತ್ತು. ಪಾಪ, ಅವಳೇನು ಮಾಡಿಯಾಳು? ರಾಜ ಔಟಾಗಲಿಲ್ಲ, ಹಾಗಾಗಿ ಮೀನೂ ಮಗುಚಲಿಲ್ಲ.

ಆ ಸಿಟ್ಟಿನಲ್ಲೇ ಚೆಂಡು ಹಾಕುತ್ತ ಹೋದಳು. ಶಾಲೆಯ ಮೇಷ್ಟ್ರು ಕಂಡರು, ಜಿಲ್ಲೆಯವರು ಕಂಡರು, ರಾಜ್ಯದವರು ಕಂಡರು. ರೈಲಿನ ಕಕ್ಕಸಿನ ಬಾಗಿಲಿಗೆ ಒರಗಿ ಕೂತು ಊರೂರು ಸುತ್ತಿದಳು. ಕೊನೆಗೊಂದು ದಿನ ಭಾರತದ ಅಂಗಿ ಬಂತು. ಗಂಡಸರ ಅಳತೆಯದು, ಅದರೊಳಗೆ ಇನ್ನೊಬ್ಬಳು ಸೇರಿ ಆಡಬಹುದಿತ್ತು. ವನಜ ಅದನ್ನು ಕತ್ತರಿಸಿ ಹೊಲಿದಳು, ಉಳಿದ ತುಂಡನ್ನು ಮಸಿಬಟ್ಟೆ ಮಾಡಿಕೊಂಡಳು. ಮಗಳು ಇಂಗ್ಲೆಂಡಿನಲ್ಲಿ ವಿಕೆಟ್ ಕೀಳುವಾಗ ಇಲ್ಲಿ ಅದೇ ನೀಲಿ ಬಟ್ಟೆ ಗಂಜಿಯ ಪಾತ್ರೆ ಇಳಿಸುತ್ತಿತ್ತು.

೨೦೧೨ರ ಬೇಸಿಗೆಯಲ್ಲಿ ಭೋಜರಾಜನ ಫೋನು ಬಂತು.

"ಮಗಾ, ನಿನ್ನ ಹೆಸ್ರಗೆ ಸ್ಟೇಡಿಯಂ ಕಟ್ಟಿದೆ. ಉದ್ಘಾಟನೆಗ್ ನೀ ಬರ್ಕ್."

ದೀಕ್ಷಿತಾಳ ಕಣ್ಣು ತುಂಬಿತು. ರಾಜನ ಮನಸ್ಸು ಕರಗುವುದು ಅಜ್ಜಿಯ ಕಥೆಗಳಲ್ಲಿ ಮಾತ್ರ ಎಂದುಕೊಂಡಿದ್ದಳು.

ಬಸ್ಸಿಳಿದರೆ ರಸ್ತೆಯಂಚಿನಲ್ಲಿ ಕೇರಿಯ ಹೆಂಗಸರೆಲ್ಲ ಡಾಂಬರಿನ ಮೇಲೆ ಮೀನು ಹರವಿ ಕೂತಿದ್ದಾರೆ. ಲಾರಿ ಹೋದಂತೆಲ್ಲ ಬಂಗುಡೆಗೆ ಧೂಳಿನ ಮಸಾಲೆ.

"ಇಲ್ಲೆಂತಕ್ಕೆ ಅಬ್ಬಿ?"

"ಮತ್ತೆಲ್ಲಿಗ್ ಹೋಪ್ದ್? ನಿನ್ನ ಸ್ಟೇಡಿಯಮ್ಮಿಗೆ ಮೀನಿನ ವಾಸ್ನಿ ಬಪ್ಪುಕಾಗ ಅಂದ್ರ್," ಎಂದಳು ವನಜ. "ಫೋನಗೆ ಹೇಳುಕ್ ಮನ್ಸ್ ಬರ್ಲಿಲ್ಲೆ. ನಿನ್ನ ಹೆಸ್ರ್ ಅಲ್ದಾ?"

ಹೊಯ್ಗೆಯಿದ್ದಲ್ಲಿ ಗೋಡೆ ಎದ್ದಿತ್ತು. ಗೇಟಿನ ಮೇಲೆ ದೀಕ್ಷಿತಾಳ ಹೆಸರು; ಹೆಸರಿಗಿಂತ ದೊಡ್ಡದಾಗಿ ಭೋಜರಾಜನ ಮುಖ. ಅದು ಸರಕಾರಿ ಜಾಗ. ಹೆಂಗಸರು ಕೇಳಿದಾಗ ಯಾವ ಅಧಿಕಾರಿಯೂ ಕೊಡದ ಜಾಗ, ಊರ ಮಗಳ ಕೀರ್ತಿಗೆ ಎಂದ ಕೂಡಲೇ ಭೋಜರಾಜನ ಕ್ಲಬ್ಬಿಗೆ ಸಿಕ್ಕಿತ್ತು. ಕಡಲ ಬದಿಗೆ ಆಗಲೇ ಅವನ ರೆಸಾರ್ಟಿನ ಕಂಬಗಳು ನಿಂತಿದ್ದವು.

"ಜಾಗ ತಿಂಬುಕೆ ನನ್ನ ಹೆಸ್ರೇ ಉಪ್ಪಿನಕಾಯಿಯಾ?" ಎಂದಳು ದೀಕ್ಷಿತಾ.

ಒಳಗೆ ಶಾಲು ಹೊದೆಸಿದರು, ಹಾರ ಹಾಕಿದರು, ಹಣ್ಣಿನ ಬುಟ್ಟಿ ಕೊಟ್ಟು ಫೋಟೊ ತೆಗೆದ ಮೇಲೆ ಬುಟ್ಟಿ ವಾಪಸು ತೆಗೆದುಕೊಂಡರು. ಇನ್ನು ಉದ್ಘಾಟನೆ. ದೀಕ್ಷಿತಾ ಚೆಂಡು ಹಾಕಬೇಕು, ಸಾಹುಕಾರರು ಹೊಡೆಯಬೇಕು. ತೆಂಗಿನ ನಾರಿನ ಹೊಸ ಚಾಪೆ ಹಾಸಿದ ಪಿಚ್ಚಿನಲ್ಲಿ ಭೋಜರಾಜ ಪಂಚೆ ಎತ್ತಿ ಕಟ್ಟಿ ನಿಂತ. ಅಂಪೈರು ಅವನ ಐಸ್ ಪ್ಲಾಂಟಿನ ಆಳು ಸೋಮ. ಸೋಮನ ತಾಯಿಯೂ ಗೇಟಿನ ಹೊರಗೆ ಮೀನು ಕಾಯುತ್ತಿದ್ದಳು.

ದೀಕ್ಷಿತಾ ಮೈಕು ಕಿತ್ತುಕೊಂಡಳು. "ಸಾಹುಕಾರ್ರೇ, ನೀವ್ ಔಟಾದ್ರೆ ಗೇಟ್ ತೆಗಿಕ್. ಒಳ್ಗೆ ಮೀನ್ ಒಣ್ಸುಕ್ ಬಿಡ್ಕ್. ಅಕ್ಕಾ, ಒಪ್ಪಿಗ್ಯಾ?"

ಜನ ನಕ್ಕರು. ಭೋಜರಾಜನೂ ನಕ್ಕ. "ಅಕ್ಕ್ ಮಗಾ, ಅಕ್ಕ್. ನನ್ನ ಔಟ್ ಮಾಡುವವ್ರ್ ಈ ಊರಗೆ ಹುಟ್ಲಿಲ್ಲೆ."

ಮೊದಲ ಚೆಂಡಿಗೇ ಸ್ಟಂಪು ಹಾರಿತು. ಸೋಮ ಧಣಿಯ ಮುಖ ನೋಡಿ ಕೈಯನ್ನು ಅಡ್ಡ ಚಾಚಿದ. "ನೋ ಬಾಲ್."

ಎರಡನೆಯದಕ್ಕೂ ಹಾರಿತು. "ನೋ ಬಾಲ್."

ಅಷ್ಟರಲ್ಲಿ ಹೆಂಗಸರು ಕ್ರೇಟು ಪೇರಿಸಿ ಹತ್ತಿ ಗೋಡೆಯಾಚೆಯಿಂದ ಇಣುಕುತ್ತಿದ್ದರು. ಪದ್ದಜ್ಜಿಯ ಗಂಟಲಿಗೆ ಮೈಕು ಬೇಡ.

"ಹ್ವಾಯ್ ಸೋಮಾ! ನಿನ್ನ ಅಬ್ಬಿ ಇಲ್ಲಿದ್ಲ್ ಕಾಣ್. ನಿನ್ನ ಕೈ ಎತ್ತುಕ್ ಮುಂಚೆ ಅವ್ಳ್ ಕೈ ಒಂದ್ಸಲ ಕಾಣ್ ಮಾರಾಯಾ!"

ಸೋಮನ ತಾಯಿ ಉಪ್ಪು ತಿಂದ ಕೈಯನ್ನು ಗೋಡೆಯ ಮೇಲೆ ಇಟ್ಟಳು.

ಮೂರನೆಯ ಚೆಂಡು ನಡು ಸ್ಟಂಪನ್ನು ಕಿತ್ತಿತು. ಸೋಮ ಭೋಜರಾಜನನ್ನು ನೋಡಲಿಲ್ಲ. ಗೋಡೆಯನ್ನೇ ನೋಡುತ್ತ ಬೆರಳೆತ್ತಿದ.

"ಔಟ್," ಎಂದ, ಸಣ್ಣ ಸ್ವರದಲ್ಲಿ. ಆಮೇಲೆ ಧೈರ್ಯ ಬಂತೋ ಏನೋ, ಕೂಗಿಯೇಬಿಟ್ಟ. "ಔಟ್ ಮಾರಾಯ್ರೇ! ಇದೊಂದೇ ಅಲ್ಲ, ಸುರುವಿಂದ್ಲೂ ಔಟೇ!"

"ನಾಳಿಂದ ಪ್ಲಾಂಟಿಗ್ ಬರ್ಬೇಡ ನೀನ್," ಎಂದ ಭೋಜರಾಜ.

"ನಾಳಿ ಮಾತ್ ನಾಳಿಗ್. ಈಗ ಬ್ಯಾಟ್ ಕೆಳ್ಗ್ ಇಡಿ."

ಗೇಟನ್ನು ಭೋಜರಾಜ ತೆಗೆಯಲಿಲ್ಲ. ಹೆಂಗಸರು ಕಾಯಲೂ ಇಲ್ಲ. ದೋಣಿ ಎಳೆಯುವಾಗ ಕೂಗುವಂತೆ ಒಟ್ಟಿಗೆ ಕೂಗಿ, ಗೇಟನ್ನೇ ಕಿತ್ತು ಮಲಗಿಸಿ, ಬುಟ್ಟಿ ಹೊತ್ತು ಅದರ ಮೇಲೆಯೇ ನಡೆದು ಬಂದರು. ಪದ್ದಜ್ಜಿ ಪಿಚ್ಚಿನ ಚಾಪೆಯನ್ನು ಮುಟ್ಟಿ ನೋಡಿದಳು.

"ಅಯ್ಯಬ್ಬ, ಎಂತ ಚಂದದ ಚಾಪಿ! ಹೊಯ್ಗಿ ಅಂಟುದಿಲ್ಲೆ." ಬುಟ್ಟಿಯನ್ನು ಅಲ್ಲೇ ಸುರಿದಳು. "ಕಾಲ್ ತೆಗಿನಿ ಸಾಹುಕಾರ್ರೇ. ಬಂಗುಡಿ ಮೆಟ್ಟಿದ್ರೆ ಪುಡಿ ಆತ್ತ್."

ಭೋಜರಾಜ ಕಾಲು ತೆಗೆದ. ದೂರ ಹೋಗಿ ಪೊಲೀಸರಿಗೆ ಫೋನು ಹಚ್ಚಿದ.

ಬಿಸಿಲು ನೆತ್ತಿಗೆ ಬಂದಿತ್ತು.

"ಔಟ್ ಮಾಡಿ ಬತ್ತೆ ಅಂದ್ ಹೋದವ್ಳ್, ಈಗ ಬಂದ್ಯಾ ಹೆಣೇ?" ಎಂದಳು ಪದ್ದಜ್ಜಿ.

"ಬಂದೆ ಅಲ್ದಾ ಅಜ್ಜಿ."

ದೀಕ್ಷಿತಾ ಶಾಲನ್ನು ಸೊಂಟಕ್ಕೆ ಬಿಗಿದು ಕುಕ್ಕರುಗಾಲಲ್ಲಿ ಕೂತಳು. ಮೊದಲ ಬಂಗುಡೆಯನ್ನು ಬಾಲ ಹಿಡಿದು ಮಗುಚಿದಳು. ಆಮೇಲೆ ಅದರ ಪಕ್ಕದ್ದು, ಆಮೇಲೆ ಅದರ ಪಕ್ಕದ್ದು. ಉಪ್ಪು ಬೆರಳ ಸಂದಿಗೆ ಇಳಿಯತೊಡಗಿತು. ಹೆದ್ದಾರಿಯ ಕಡೆಯಿಂದ ಜೀಪಿನ ಸದ್ದು ಕೇಳಿಸಿತು. ಯಾರೂ ತಲೆ ಎತ್ತಲಿಲ್ಲ. ಇನ್ನೂ ಒಂದು ಸಾಲು ಬಾಕಿಯಿತ್ತು.

ಅದನ್ನೂ ಮಗುಚಿದಳು.